ಬೋಟ್ಸ್ವಾನಾಕ್ಕೆ ಹೋಗುವವರಿಗೆ ಕದ್ರಿ ಮಾಷ್ಟ್ರ ಸಂಡೇ ಕ್ಲಾಸು: ಪಾಠ ಲಾಯ್ಕುಂಟು, ನೋಟ್ಸ್ ಮಾತ್ರ ಹಳತು

ಗಲ್ಫಿಗೆ ಹೋಗುವವರಿಗೆ ಮಂಗಳೂರಲ್ಲಿ ದಾರಿ ಹೇಳಿಕೊಡ್ಲಿಕ್ಕೆ ಬೀದಿಗೆ ನಾಲ್ಕು ಜನ ಸಿಗ್ತಾರೆ. ದುಬೈಲಿ ಯಾವ ಏರಿಯಾದಲ್ಲಿ ಬಾಡಿಗೆ ಕಡಿಮೆ, ಕತಾರಲ್ಲಿ ಲೈಸೆನ್ಸ್ ಮಾಡ್ಸುದು ಹೇಗೆ, ಇದೆಲ್ಲ ಮೀನು ಮಾರ್ಕೆಟಲ್ಲಿ ಹತ್ತು ನಿಮಿಷ ನಿಂತ್ರೆ ಗೊತ್ತಾಗ್ತದೆ. ಆದ್ರೆ ಬೋಟ್ಸ್ವಾನಾಕ್ಕೆ ಪೋಸ್ಟಿಂಗ್ ಅಂತ ಆಫೀಸಿಂದ ಮೇಲ್ ಬಂದ್ರೆ ಯಾರ ಹತ್ರ ಕೇಳುದು ಮಾರಾಯ್ರೆ? ನಮ್ಮ ಮನೇಲಂತೂ ಆಫ್ರಿಕಾ ಅಂದ ಕೂಡ್ಲೇ ಅಮ್ಮ ಸಿಂಹ, ಸೊಳ್ಳೆ, ಗಲಾಟೆ ಅಂತ ಶುರು ಮಾಡಿದ್ರು. ಆಗ ಆಫೀಸಿನ ಸೀನಿಯರ್ ಒಬ್ರು ಕದ್ರಿ ಪಾರ್ಕಿನಿಂದ ಸ್ವಲ್ಪ ಮೇಲೆ ಒಬ್ಬರು ರಿಟೈರ್ಡ್ ಮಾಷ್ಟ್ರು ಮನೆ ಮಾಳಿಗೆಯಲ್ಲೇ ಭಾನುವಾರ ಕ್ಲಾಸ್ ಮಾಡ್ತಾರೆ, ಬೋಟ್ಸ್ವಾನಾದ ಸರ್ಕಾರಿ ಹೈಸ್ಕೂಲಲ್ಲಿ ತುಂಬ ವರ್ಷ ಗಣಿತ ಕಲಿಸಿ ಬಂದವರು, ಹೋಗಿ ಬಾ ಅಂದ್ರು. ಬೋರ್ಡ್ ಇಲ್ಲ, ವೆಬ್‌ಸೈಟ್ ಇಲ್ಲ, ಬಾಯಿಂದ ಬಾಯಿಗೆ ನಡೀತಾ ಇರುವ ಕ್ಲಾಸು. ಈಗ ಕೋರ್ಸ್ ಮುಗಿದಿದೆ, ಪರ್ಮಿಟ್ ಕಾಯ್ತಾ ಕೂತಿದ್ದೇನೆ, ಹಾಗೆ ಪುರುಸೊತ್ತಲ್ಲಿ ಬರೀತಿದ್ದೇನೆ, ಯಾರಿಗಾದ್ರೂ ಉಪಯೋಗ ಆಗ್ಲಿ.

ಫೀಸ್ ಎರಡು ಸಾವಿರ. ನಾಲ್ಕು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ ಶುರು, ಮುಗಿಯುದು ಮಾಷ್ಟ್ರ ಮೂಡ್ ಮೇಲೆ. ಚಾ ಮತ್ತು ಗೋಳಿಬಜೆ ಅದರಲ್ಲೇ ಬರ್ತದೆ.

ಮೊದಲೇ ಒಂದು ವಿಷಯ ಹೇಳಿಬಿಡ್ತೇನೆ. ಅಲ್ಲಿ ಹವೆ ಹೇಗೆ, ಸಂಬಳದಲ್ಲಿ ಎಷ್ಟು ಉಳಿತದೆ, ಕುಚ್ಚಲಕ್ಕಿ ಸಿಗ್ತದಾ, ಇಷ್ಟೇ ಬೇಕು ಅಂತ ಬರುವವರಿಗೆ ಈ ಕ್ಲಾಸ್ ಅಲ್ಲ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಟೈಮ್ ಹೋಗುದು ಆ ದೇಶದ ಸರ್ಕಾರ ಹೇಗೆ ನಡೀತದೆ ಅನ್ನುದರ ಮೇಲೆ. ನಮ್ಮ ಬ್ಯಾಚಲ್ಲಿ ಸೂಪರ್ ಮಾರ್ಕೆಟ್ ಮ್ಯಾನೇಜರ್ ಕೆಲಸಕ್ಕೆ ಹೊರಟ ಮೂಲ್ಕಿಯ ಹುಡುಗ ಒಬ್ಬ ಮೊದಲ ದಿನವೇ "ಸಾರ್, ನಾವು ಅಲ್ಲಿ ವೋಟು ಹಾಕ್ಲಿಕ್ಕೆ ಹೋಗುದಾ?" ಅಂತ ಕೇಳಿದ. ಮಾಷ್ಟ್ರು ನಗಾಡಿ, "ನೀನು ಹಾಕ್ಲಿಕ್ಕಿಲ್ಲ ಮಾರಾಯ, ಆದ್ರೆ ನಿನ್ನ ಅಂಗಡಿಗೆ ಬರುವವರೆಲ್ಲ ಹಾಕ್ತಾರೆ, ಅಂಗಡಿಯ ಜಾಗ ಯಾರದ್ದು ಅಂತ ಭೂಮಿ ಹಂಚುವ ಲ್ಯಾಂಡ್ ಬೋರ್ಡ್ ಹೇಳ್ತದೆ, ಹೊರಗೆ ಜಗಳ ಆದ್ರೆ ಖೋಸಿಯ, ಅಂದ್ರೆ ಅಲ್ಲಿಯ ಕುಲದ ಮುಖ್ಯಸ್ಥರ ಕೋರ್ಟಿಗೆ ಹೋಗ್ತದೆ, ಇದ್ಯಾವುದೂ ಗೊತ್ತಿಲ್ಲದೆ ನೀನು ಬೀಗ ತೆಗೀಲಿಕ್ಕೆ ಹೋಗ್ತಿಯಾ?" ಅಂದ್ರು. ಆಮೇಲೆ ಆ ಹುಡುಗ ಒಂದು ದಿನವೂ ತಪ್ಪಿಸ್ಲಿಲ್ಲ.

ಶುರು ಮಾಡುದು ಮ್ಯಾಪಿಂದ. ದೇಶ ಸುಮಾರು ಮೂರು ಕರ್ನಾಟಕದಷ್ಟು ದೊಡ್ಡದು, ಜನ 2022ರ ಗಣತಿ ಪ್ರಕಾರ ಹತ್ತಿರ ಹತ್ತಿರ 23.6 ಲಕ್ಷ, ಅಂದ್ರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಒಂದಕ್ಕೇ ಸ್ವಲ್ಪ ಸೇರಿಸಿದ ಹಾಗೆ. 1885ರಿಂದ ಬ್ರಿಟಿಷರ ರಕ್ಷಣೆಯಲ್ಲಿ ಬೆಚುವಾನಾಲ್ಯಾಂಡ್ ಅಂತ ಇತ್ತು. ತಮಾಷೆ ಎಂತ ಅಂದ್ರೆ ಅದರ ಆಡಳಿತ ಕಚೇರಿ ಆ ದೇಶದ ಒಳಗೇ ಇರ್ಲಿಲ್ಲ, ಗಡಿಯಾಚೆ ದಕ್ಷಿಣ ಆಫ್ರಿಕಾದ ಮಾಫಿಕೆಂಗಲ್ಲಿತ್ತು. 1966 ಸೆಪ್ಟೆಂಬರ್ 30ಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ ಗ್ಯಾಬರೋನ್ ಅಂತ ಹೊಸ ರಾಜಧಾನಿಯನ್ನೇ ಕಟ್ಬೇಕಾಯ್ತು. 1895ರಲ್ಲಿ ಮೂರು ಖೋಸಿಗಳು, ಮೂರನೇ ಖಾಮಾ, ಸೆಬೆಲೆ, ಬಾತೋಯೆನ್ ಅಂತ, ಹಡಗು ಹತ್ತಿ ಲಂಡನ್ನಿಗೆ ಹೋಗಿ ನಮ್ಮನ್ನು ಸೆಸಿಲ್ ರೋಡ್ಸ್ ಅನ್ನುವ ಬ್ರಿಟಿಷ್ ಉದ್ಯಮಿಯ ಕಂಪೆನಿ ಕೈಗೆ ಕೊಡ್ಬೇಡಿ ಅಂತ ಬ್ರಿಟನ್ನಿನ ವಸಾಹತು ಮಂತ್ರಿ ಚೇಂಬರ್ಲೇನ್ ಹತ್ರ ಕೇಳಿಕೊಂಡ ಕಥೆ ಮಾಷ್ಟ್ರು ಭಾರಿ ಉಮೇದಲ್ಲಿ ಹೇಳ್ತಾರೆ. ಸ್ವಲ್ಪ ಎಳೀತಾರೆ ಕೂಡ. ಆದ್ರೆ ಆ ಮೂವರು ಹೋಗದಿದ್ರೆ ಇವತ್ತು ಆ ಹೆಸರಿನ ದೇಶ ಇರ್ತಿತ್ತಾ ಅನ್ನುದು ಡೌಟೇ.

ಇನ್ನು ಕೋರ್ಸಿನ ಬೆಸ್ಟ್ ಭಾಗ. ಎರಡನೇ ಭಾನುವಾರ ನಾವು ಹೋದಾಗ ಮೇಜಿನ ಮೇಲೆ ಬಿಸ್ಕೆಟ್ ಡಬ್ಬಿ ಇಟ್ಟು ತೂತು ಮಾಡಿದ್ರು, ಇವತ್ತು ಇಲೆಕ್ಷನ್ ಅಂದ್ರು. ಹದಿನೈದು ಜನ ಇದ್ದೆವು, ಮೂರು ಮೂರು ಜನರಿಗೆ ಒಂದು ಕ್ಷೇತ್ರ ಅಂತ ಐದು ಕ್ಷೇತ್ರ ಮಾಡಿದ್ರು. ಎಲ್ಲರ ಕೈಗೂ ಎರಡು ಚೀಟಿ, ಒಂದು ಎಂಪಿಗೆ, ಇನ್ನೊಂದು ಕೌನ್ಸಿಲರಿಗೆ. ಮತ್ತೆ ಅಧ್ಯಕ್ಷರ ಚೀಟಿ ಎಲ್ಲಿ ಸಾರ್ ಅಂತ ಒಬ್ರು ಕೇಳಿದ್ರು. ಇಲ್ಲ, ಅದೇ ಪಾಠ ಅಂದ್ರು. ಅಲ್ಲಿ ಅಧ್ಯಕ್ಷರಿಗೆ ಅಂತ ಜನ ನೇರ ವೋಟು ಹಾಕುದಿಲ್ಲ. ಎಂಪಿ ಸೀಟಿಗೆ ನಾಮಿನೇಷನ್ ಹಾಕುವಾಗಲೇ ನಾನು ಇಂಥವರನ್ನು ಅಧ್ಯಕ್ಷರಾಗಿ ಸಪೋರ್ಟ್ ಮಾಡ್ತೇನೆ ಅಂತ ಕ್ಯಾಂಡಿಡೇಟು ಘೋಷಿಸ್ತಾನೆ, ಗೆದ್ದ ಎಂಪಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾರ ಹೆಸರು ಹೇಳಿದ್ದಾರೋ ಅವರು ಅಧ್ಯಕ್ಷರು, ಮತ್ತೆ ಬೇರೆ ವೋಟಿಂಗಿಲ್ಲ ಗೀಟಿಂಗಿಲ್ಲ. ಈಗ ನೇರ ಚುನಾವಣೆ ಆಗುವ ಸೀಟು 61, ಹಾಗಾಗಿ 31 ಬಂದ್ರೆ ಸಾಕು. ನಮ್ಮಲ್ಲಿ ಪ್ರಧಾನಿ ಆಗುವ ಹಾಗೇ ಅಲ್ವಾ ಅಂತ ಅನ್ನಿಸ್ತದೆ, ಆದ್ರೆ ಹಾಗಲ್ಲ, ಯಾಕಂದ್ರೆ ಆಮೇಲೆ ಆ ಮನುಷ್ಯನ ಕೈಲಿ ನಮ್ಮ ಪ್ರಧಾನಿ ಮತ್ತು ರಾಷ್ಟ್ರಪತಿ ಇಬ್ಬರದ್ದೂ ಅಧಿಕಾರ ಒಟ್ಟಿಗೆ ಬರ್ತದೆ. ರಾಷ್ಟ್ರದ ಮುಖ್ಯಸ್ಥ ಅವರೇ, ಸರ್ಕಾರದ ಮುಖ್ಯಸ್ಥ ಅವರೇ, ಸೇನೆಯ ದಂಡನಾಯಕ ಅವರೇ, ಪದವಿಯಿಂದಲೇ ಪಾರ್ಲಿಮೆಂಟಲ್ಲಿ ಕೂತು ವೋಟು ಹಾಕುವ ಹಕ್ಕೂ ಉಂಟು.

ಡಬ್ಬಿ ತೆರೆದು ಎಣಿಸಿದಾಗ ನಮ್ಮ ಕ್ಲಾಸಲ್ಲಿ ದೊಡ್ಡ ಬೊಬ್ಬೆ. ಮೂರು ಕ್ಷೇತ್ರದಲ್ಲಿ ಎರಡು–ಒಂದರಲ್ಲಿ ನೀಲಿ ಪಾರ್ಟಿ ಗೆದ್ದದ್ದು, ಬಾಕಿ ಎರಡರಲ್ಲಿ ಮೂರಕ್ಕೆ ಮೂರೂ ಕೆಂಪು ಪಾರ್ಟಿಗೆ. ಒಟ್ಟು ವೋಟು ಲೆಕ್ಕ ಹಾಕಿದ್ರೆ ಕೆಂಪಿಗೆ 9, ನೀಲಿಗೆ 6, ಆದ್ರೆ ಅಧ್ಯಕ್ಷ ನೀಲಿಯವ! ಇದು ಮೊದಲೇ ಮಾಷ್ಟ್ರು ಹೊಂದಿಸಿಟ್ಟದ್ದು ಅಂತ ನನಗೆ ಈಗಲೂ ಗುಮಾನಿ, ಗಣಿತದವರಲ್ವಾ. ಅಲ್ಲಿಂದ ಬೋರ್ಡಿಗೆ ಹೋಗಿ 2024ರ ಲೆಕ್ಕ ಬರೆದ್ರು, ಆಗ ಎಲ್ಲರೂ ಸುಮ್ಮನಾದ್ರು. ಸ್ವಾತಂತ್ರ್ಯ ಬಂದ ದಿನದಿಂದ 58 ವರ್ಷ ಒಂದೇ ಪಾರ್ಟಿ, ಬೋಟ್ಸ್ವಾನಾ ಡೆಮಾಕ್ರಟಿಕ್ ಪಾರ್ಟಿ, ಬಿಡಿಪಿ ಅಂತಾರೆ, ಅದರ ಗುರುತು ಕಾರಿನ ಜಾಕ್, ಟಯರ್ ಬದಲಿಸ್ಲಿಕ್ಕೆ ಎತ್ತುದಲ್ವಾ ಅದು. 2019ರಲ್ಲಿ 57ರಲ್ಲಿ 38 ಸೀಟು ಗೆದ್ದವರು. 2024 ಅಕ್ಟೋಬರ್ 30ರ ಚುನಾವಣೆಯಲ್ಲಿ ಸುಮಾರು 30 ಪರ್ಸೆಂಟ್ ವೋಟು ಬಂದ್ರೂ ಸಿಕ್ಕಿದ್ದು ಬರೀ 4 ಸೀಟು! 37 ಪರ್ಸೆಂಟ್ ಆಸುಪಾಸು ವೋಟು ತಗೊಂಡ ಯುಡಿಸಿ ಅನ್ನುವ ವಿರೋಧ ಪಕ್ಷಗಳ ಒಕ್ಕೂಟಕ್ಕೆ 36. ಬಿಸಿಪಿ ಅಂತ ಇನ್ನೊಂದು ಪಾರ್ಟಿ, ವೋಟಲ್ಲಿ ಬಿಡಿಪಿಗಿಂತ ಎಷ್ಟೋ ಹಿಂದೆ, ಆದ್ರೂ 15 ಸೀಟು. 58 ವರ್ಷ ಈ ಪದ್ಧತಿ ಯಾರನ್ನು ಎತ್ತಿ ಹಿಡಿದಿತ್ತೋ ಅವರನ್ನೇ ರಪ್ಪ ಅಂತ ಕೆಳಗೆ ಹಾಕಿತು. ಹಿಂದೆ ಇದೇ ಲೆಕ್ಕದಿಂದ ಲಾಭ ಪಡೆದವರು ಈಗ ಅನ್ಯಾಯ ಅಂತ ಹೇಳ್ಲಿಕ್ಕೂ ಬಾಯಿಲ್ಲ.

ಆಗಿನ ಅಧ್ಯಕ್ಷ, ಬಿಡಿಪಿಯ ಮೊಖ್ವೀಟ್ಸಿ ಮಸಿಸಿ ನವೆಂಬರ್ 1ರ ಬೆಳಿಗ್ಗೆಯೇ, ಎಣಿಕೆ ಪೂರ್ತಿ ಮುಗಿಯುವ ಮೊದಲೇ, ಸೋತೆವು ಅಂತ ಒಪ್ಪಿಕೊಂಡ್ರು, ಅದೇ ದಿನ ಯುಡಿಸಿಯ ನಾಯಕ, ವಕೀಲರಾದ ಡೂಮಾ ಬೊಕೊ ಅಧ್ಯಕ್ಷರಾಗಿ ಪ್ರಮಾಣ ವಚನ ತಗೊಂಡ್ರು. ಎಲ್ಲಿಯೂ ಒಂದು ಟಯರ್ ಸುಟ್ಟದ್ದಿಲ್ಲ. ಜನ ಯಾಕೆ ತಿರುಗಿದ್ರು ಅಂದ್ರೆ ಮುಖ್ಯವಾಗಿ ಕೆಲಸ ಇಲ್ಲ, ನಿರುದ್ಯೋಗ ನಾಲ್ಕಕ್ಕೊಬ್ಬರಿಗಿಂತ ಜಾಸ್ತಿ, ಅಲ್ಲಿಯ ದೊಡ್ಡ ಆದಾಯ ವಜ್ರ, ಅದರ ಮಾರ್ಕೆಟ್ ಬಿದ್ದು ಹೋಗಿತ್ತು, ಸರ್ಕಾರದ ಕೈಲಿ ದುಡ್ಡಿಲ್ಲ. ಅದರ ಮೇಲೆ ಹಳೇ ಅಧ್ಯಕ್ಷ ಇಯಾನ್ ಖಾಮಾ ಅವರಿಗೂ ಮಸಿಸಿಗೂ ಜಗಳ. ಈ ಇಯಾನ್ ಖಾಮಾ ಅಂದ್ರೆ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಮಗ. ಅಪ್ಪ ಕಟ್ಟಿದ ಪಾರ್ಟಿಯನ್ನೇ ಬಿಟ್ಟು ಹೊರಗೆ ಬಂದು ಬೇರೆ ಪಾರ್ಟಿಗೆ ಬೆಂಬಲ ಕೊಟ್ರು, 2021ರಲ್ಲಿ ದೇಶ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕೂತ್ರು, ಚುನಾವಣೆಗೆ ಸ್ವಲ್ಪ ಮೊದಲು ವಾಪಸ್ ಬಂದ್ರು. ಇದನ್ನು ಕೇಳುವಾಗ ನಮ್ಮ ಬೆಂಚಿನ ಹಿಂದಿನಿಂದ ಯಾರೋ "ಇದು ನಮ್ಮಲ್ಲಿಯೂ ನಡೆದದ್ದೇ" ಅಂದ್ರು, ಯಾವ ಫ್ಯಾಮಿಲಿ ಅಂತ ಹೇಳ್ಲಿಲ್ಲ, ಮಾಷ್ಟ್ರು ಕೇಳ್ಲೂ ಇಲ್ಲ, ಒಳ್ಳೇದಾಯ್ತು.

ನನಗೆ ಹೆಚ್ಚು ಕೊರೆದ ವಿಷಯ ಇದಲ್ಲ, ಅಧ್ಯಕ್ಷರು ಬದಲಾಗುವ ರೀತಿ. 1997ರ ತಿದ್ದುಪಡಿಯಲ್ಲಿ ಒಬ್ಬರಿಗೆ ಒಟ್ಟು ಹತ್ತೇ ವರ್ಷ ಅಂತ ಮಿತಿ ಹಾಕಿದ್ರು, ಅದು ಬಹಳ ಒಳ್ಳೆ ಕೆಲಸ, ಸುತ್ತಮುತ್ತ ದೇಶಗಳಲ್ಲಿ ಮೂವತ್ತು ವರ್ಷ ಕುರ್ಚಿ ಬಿಡದವರಿದ್ರು. ಆದ್ರೆ ಅದೇ ಹೊತ್ತಿಗೆ ಇನ್ನೊಂದು ನಿಯಮವೂ ಬಂತು, ಅಧ್ಯಕ್ಷರು ಇಳಿದ್ರೆ ಉಪಾಧ್ಯಕ್ಷರು ತನ್ನಷ್ಟಕ್ಕೆ ಮೇಲೆ ಬರುದು. ಈಗ ಡೇಟ್ ನೋಡಿ. ಎರಡನೇ ಅಧ್ಯಕ್ಷ ಮಸೀರೆ 1998ರಲ್ಲಿ ಬಿಟ್ರು, ಉಪಾಧ್ಯಕ್ಷ ಮೊಗಾಯೆ ಬಂದ್ರು. ಮೊಗಾಯೆ 2008 ಏಪ್ರಿಲ್ 1ಕ್ಕೆ ಇಯಾನ್ ಖಾಮಾಗೆ ಕೊಟ್ರು, ಚುನಾವಣೆ ಇದ್ದದ್ದು 2009ರ ಅಕ್ಟೋಬರಲ್ಲಿ. ಖಾಮಾ 2018 ಏಪ್ರಿಲ್ 1ಕ್ಕೆ ಮಸಿಸಿಗೆ ಕೊಟ್ರು, ಚುನಾವಣೆ 2019 ಅಕ್ಟೋಬರಲ್ಲಿ. ಪ್ರತಿ ಸಲವೂ ಹೊಸಬರು ಒಂದೂವರೆ ವರ್ಷ ಕುರ್ಚಿಯಲ್ಲಿ ಕೂತು, ಎಲ್ಲ ಕಡೆ ಫೋಟೋ ಹಾಕಿಸಿಕೊಂಡು, ಆಮೇಲೆ ಜನರ ಮುಂದೆ ಹೋಗುದು. ಮಾಷ್ಟ್ರು ಇದನ್ನು ಸ್ಥಿರತೆ ಅಂದ್ರು. ನಾನು ಅಡ್ವಾಂಟೇಜ್ ಅಂದೆ. ಸ್ವಲ್ಪ ಚರ್ಚೆ ಆಯ್ತು. ಅವರು ಒಪ್ಲಿಲ್ಲ, ನಾನೂ ಒಪ್ಲಿಲ್ಲ, ಚಾ ಬಂತು.

ಹಾಗೇ ಇನ್ನೊಂದು ಕಥೆ ಹೇಳಿದ್ರು, ಇದು ಮಾತ್ರ ತುಂಬ ಇಷ್ಟ ಆಯ್ತು. 1969ರಲ್ಲಿ ಬಾಂಗ್ವಾಕೆಟ್ಸೆ ಕುಲದ ಖೋಸಿ ಎರಡನೇ ಬಾತೋಯೆನ್ ಸರ್ಕಾರದ ಮೇಲೆ ಸಿಟ್ಟಾಗಿ ಖೋಸಿ ಪಟ್ಟವನ್ನೇ ಬಿಟ್ಟು ವಿರೋಧ ಪಕ್ಷದಿಂದ ಚುನಾವಣೆಗೆ ನಿಂತು, ಕಾನ್ಯೆ ಊರಲ್ಲಿ ಆಗಿನ ಉಪಾಧ್ಯಕ್ಷ ಮಸೀರೆಯವರನ್ನೇ ಸೋಲಿಸಿದ್ರಂತೆ. ಸೋತ ಮಸೀರೆ ಎಂತ ಮಾಡಿದ್ರು? ಪಾರ್ಲಿಮೆಂಟೇ ಆರಿಸುವ ಕೆಲವು ವಿಶೇಷ ಸದಸ್ಯರ ಸೀಟುಂಟು, ಆ ಬಾಗಿಲಿಂದ ಒಳಗೆ ಬಂದು ಉಪಾಧ್ಯಕ್ಷರಾಗಿಯೇ ಮುಂದುವರಿದ್ರು, 1980ರಲ್ಲಿ ಸೆರೆಟ್ಸೆ ತೀರಿಕೊಂಡ ಮೇಲೆ ಅಧ್ಯಕ್ಷರೂ ಆದ್ರು. ಈಗ ಅಂಥ ಸೀಟು 6 ಉಂಟು, 61ಕ್ಕೆ ಅದನ್ನು ಸೇರಿಸಿ, ಅಧ್ಯಕ್ಷ ಮತ್ತು ಸ್ಪೀಕರ್ ಸೇರಿದ್ರೆ 69. ನಮ್ಮ ವಿಧಾನ ಪರಿಷತ್ ನೋಡಿದವರಿಗೆ ಈ ಹಿಂಬಾಗಿಲು ಹೊಸದೇನಲ್ಲ ಬಿಡಿ.

ಇವಿಎಂ ವಿಷಯ ಬಂದಾಗ ಕ್ಲಾಸ್ ಎರಡು ಪಾಲಾಯ್ತು. 2016ರಲ್ಲಿ ಅಲ್ಲಿ ಕಾನೂನು ತಿದ್ದಿ ವೋಟಿಂಗ್ ಮೆಷಿನ್ ತರ್ಲಿಕ್ಕೆ ಹೊರಟಿದ್ರು, ಮೆಷಿನ್ ಎಲ್ಲಿಯದ್ದು ಅಂದ್ರೆ ನಮ್ಮ ಬೆಂಗಳೂರಿನ ಬಿಇಎಲ್‌ದ್ದು. ವಿರೋಧ ಪಕ್ಷ ಬಿಸಿಪಿ ಕೋರ್ಟಿಗೆ ಹೋಯ್ತು, ಗಲಾಟೆ ಜೋರಾಯ್ತು, ಕೊನೆಗೆ ಸರ್ಕಾರವೇ ಕೈಬಿಟ್ಟು 2019ಕ್ಕೆ ಪೇಪರಲ್ಲೇ ಚುನಾವಣೆ ಮಾಡಿತು. 2024ರಲ್ಲಿಯೂ ಪೇಪರೇ. ಇಷ್ಟು ಹೇಳಿ ಮಾಷ್ಟ್ರು ಸುಮ್ಮನೆ ಕೂತ್ಕೊಂಡು ನಮ್ಮನ್ನು ಜಗಳ ಮಾಡ್ಲಿಕ್ಕೆ ಬಿಟ್ರು. ಅರ್ಧ ಗಂಟೆ ಹೋಯ್ತು. ಫೀಸ್ ಕೊಟ್ಟು ನಮ್ಮದೇ ಟಿವಿ ಡಿಬೇಟ್ ಕೇಳುದು ಯಾಕೆ ಅಂತ ನನಗೆ ಸ್ವಲ್ಪ ಪಿರಿಪಿರಿ ಆಯ್ತು, ಆದ್ರೆ ಉಳಿದವರಿಗೆ ಗಮ್ಮತ್ತಾಗಿತ್ತು.

ಮೂರನೇ ಭಾನುವಾರ ಪೂರ್ತಿ ಖೋಸಿ ಮತ್ತು ಖೋಟ್ಲಾ. ಖೋಟ್ಲಾ ಅಂದ್ರೆ ಪ್ರತಿ ಊರಲ್ಲಿ ಖೋಸಿಯ ಮುಂದೆ ಜನ ಸೇರುವ ಜಾಗ, ಅರ್ಧಚಂದ್ರದ ಹಾಗೆ ಮರದ ಕಂಬದ ಬೇಲಿ, ದೊಡ್ಡ ಮರ, ನೆರಳು, ಕುರ್ಚಿಗಳು. ಸರ್ಕಾರ ಹೊಸ ಯೋಜನೆ ತಂದ್ರೆ ಮಂತ್ರಿ ಆದ್ರೂ ಅಲ್ಲಿಗೇ ಬಂದು ಹೇಳ್ಬೇಕು, ಯಾರು ಬೇಕಾದ್ರೂ ಎದ್ದು ಮಾತಾಡ್ಬಹುದು, ಮಾತಾಡುವವನನ್ನು ಮಧ್ಯದಲ್ಲಿ ತಡೀಬಾರ್ದು, ಎಷ್ಟು ಕೊರೆದ್ರೂ ಕೇಳ್ಬೇಕು. ಗಂಡಸರು ಟೊಪ್ಪಿ ತೆಗೀಬೇಕು, ಹೆಂಗಸರು ಪ್ಯಾಂಟ್ ಹಾಕಿಕೊಂಡು ಹೋಗ್ಬಾರ್ದು, ನಮ್ಮ ಬ್ಯಾಚಿನ ಇಬ್ಬರು ನರ್ಸ್‌ಗಳು ಇದನ್ನು ಬರೆದುಕೊಂಡ್ರು, ಬರೆದುಕೊಂಡು ಮುಖ ಸಿಂಡರಿಸಿದ್ರು. ಅದೇ ಖೋಟ್ಲಾ ಕೋರ್ಟೂ ಹೌದು. ಸಣ್ಣ ಕಳ್ಳತನ, ಹೊಡೆದಾಟ, ಬೈಗುಳ, ದನದ ವ್ಯಾಜ್ಯ, ಎಲ್ಲ ಅಲ್ಲೇ ಇತ್ಯರ್ಥ. ವಕೀಲರಿಗೆ ಅಲ್ಲಿ ಎಂಟ್ರಿ ಇಲ್ಲ! ಬೆತ್ತದ ಏಟಿನ ಶಿಕ್ಷೆ ಈಗಲೂ ಉಂಟು, ಗಂಡಸರಿಗೆ ಮಾತ್ರ. ಇದನ್ನು ಕೇಳಿ ಸೂಪರ್ ಮಾರ್ಕೆಟ್ ಹುಡುಗನ ಮಂಡೆಬಿಸಿ ನೋಡ್ಬೇಕಿತ್ತು.

ನಮಗೆ ಅರ್ಥ ಆಗುವ ಹಾಗೆ ಹೇಳ್ಬೇಕಂದ್ರೆ ಖೋಸಿಯ ಸ್ಥಾನ ನಮ್ಮ ತುಳುನಾಡಿನ ಗುತ್ತಿನ ಮನೆಯ ಯಜಮಾನ, ಗಡಿಪ್ರಧಾನರ ಹಾಗೆ, ನೇಮದ, ಅಂದ್ರೆ ಭೂತಾರಾಧನೆಯ ದಿನ ಅವರಿಲ್ಲದೆ ಏನೂ ನಡೀಲಿಕ್ಕಿಲ್ಲ, ಆದ್ರೆ ಪಂಚಾಯತ್ ಬಿಲ್ ಪಾಸ್ ಮಾಡುದು ಅವರಲ್ಲ. ವ್ಯತ್ಯಾಸ ಎಂತ ಅಂದ್ರೆ ಅಲ್ಲಿ ಖೋಸಿಗೆ ಸರ್ಕಾರವೇ ಸಂಬಳ ಕೊಡ್ತದೆ, ಮಾನ್ಯತೆಯೂ ಸರ್ಕಾರದ್ದೇ, ಬೇಡ ಅಂದ್ರೆ ತೆಗೀಲೂಬಹುದು. 2011ರಲ್ಲಿ ಬಖಾಟ್ಲಾ ಕುಲದ ಎರಡನೇ ಖಫೆಲಾ ಅವರ ಮಾನ್ಯತೆಯನ್ನು ಹಾಗೇ ವಾಪಸ್ ತಗೊಂಡ್ರು. ರಾಜಧಾನಿಯಲ್ಲಿ ಖೋಸಿಗಳಿಗೆ ಅಂತಲೇ ಒಂದು ಸದನ ಉಂಟು, ನ್ಟ್ಲೋ ಯಾ ದಿಖೋಸಿ ಅಂತ ಹೆಸರು, 35 ಸದಸ್ಯರ ಲೆಕ್ಕ. ಕುಲ, ಸಂಪ್ರದಾಯ, ಪಾರಂಪರಿಕ ಕೋರ್ಟು ಇಂಥ ವಿಷಯದ ಮಸೂದೆ ಇದ್ರೆ ಅವರ ಮುಂದೆ ಇಡ್ಲೇಬೇಕು, ಅವರು ಅಭಿಪ್ರಾಯ ಹೇಳ್ತಾರೆ, ಅಷ್ಟೇ. ತಡೀಲಿಕ್ಕೆ ಅಧಿಕಾರ ಇಲ್ಲ. ಹಿಂದೆ ಎಂಟು ದೊಡ್ಡ ಕುಲದ ಖೋಸಿಗಳಿಗೆ ಮಾತ್ರ ಕಾಯಂ ಜಾಗ ಇತ್ತು, ಸಣ್ಣ ಕುಲದವರು ನಾವೇನು ಲೆಕ್ಕಕ್ಕಿಲ್ವಾ ಅಂತ ವರ್ಷಗಟ್ಟಲೆ ಕೇಳಿದ ಮೇಲೆ ಸದನ ದೊಡ್ಡದು ಮಾಡಿದ್ರು.

ಮಾಷ್ಟ್ರಿಗೆ ಈ ಖೋಟ್ಲಾ ಅಂದ್ರೆ ಪ್ರಾಣ. ಎಲ್ಲರ ಮಾತೂ ಕೇಳುವ ಅಭ್ಯಾಸ ನೂರಾರು ವರ್ಷದಿಂದ ಇದ್ದದ್ದಕ್ಕೇ 2024ರಲ್ಲಿ ಅಷ್ಟು ಶಾಂತಿಯಲ್ಲಿ ಅಧಿಕಾರ ಕೈ ಬದಲಾಯ್ತು ಅಂತ ಅವರ ವಾದ. ಒಪ್ತೇನೆ, ಅರ್ಧ. ಆದ್ರೆ ಮಾತು ಕೇಳುದು ಬೇರೆ, ಕೇಳಿದ ಮೇಲೆ ಅದರ ಪ್ರಕಾರ ನಡೆಯುದು ಬೇರೆ. ಖೋಟ್ಲಾದಲ್ಲಿ ಜನ ಬೇಡ ಅಂದ್ರೂ ಸರ್ಕಾರ ಬೇಕಂದ್ರೆ ಮಾಡ್ತದೆ, ಖೋಸಿಗಳ ಸದನ ಬೇಡ ಅಂದ್ರೂ ಮಾಡ್ತದೆ. ಇಡೀ ಕೋರ್ಸಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ, ಮಾಷ್ಟ್ರಿಗೆ ಆ ದೇಶದ ಮೇಲೆ ಪ್ರೀತಿ ಜಾಸ್ತಿ, ಅನ್ನ ಕೊಟ್ಟ ಊರು ಅಂತ. ಕಹಿ ವಿಷಯ ಬಂದಾಗ ಸ್ವರ ಸಣ್ಣದಾಗ್ತದೆ.

ಕಲಹರಿ ಮರುಭೂಮಿಯ ಮೂಲನಿವಾಸಿಗಳಾದ ಸಾನ್ ಜನರ ವಿಷಯವನ್ನು ಅವರಾಗಿ ಎತ್ಲೇ ಇಲ್ಲ, ನರ್ಸ್‌ಗಳಲ್ಲಿ ಒಬ್ಬಳು ಕೇಳಿದ ಮೇಲೆಯೇ ಬಂತು. ಅವಳು ಎಲ್ಲಿಯೋ ಓದಿಕೊಂಡು ಬಂದಿದ್ದಳು. ಸೆಂಟ್ರಲ್ ಕಲಹರಿ ಅಭಯಾರಣ್ಯದ ಒಳಗೆ ತಲೆತಲಾಂತರದಿಂದ ಇದ್ದವರನ್ನು 1997 ಮತ್ತು 2002ರಲ್ಲಿ ಹೊರಗೆ ಕಳಿಸಿದ್ರು, ನೀರಿನ ವ್ಯವಸ್ಥೆ ನಿಲ್ಲಿಸಿದ್ರು. ಅವರು ಕೋರ್ಟಿಗೆ ಹೋದ್ರು. 2006ರಲ್ಲಿ ಹೈಕೋರ್ಟಿನ ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಸಾನ್ ಜನರ ಪರ ತೀರ್ಪು ಕೊಟ್ರು, 2011ರಲ್ಲಿ ಅಪೀಲ್ ಕೋರ್ಟು ಬೋರ್‌ವೆಲ್ ಹಕ್ಕನ್ನೂ ಎತ್ತಿ ಹಿಡಿಯಿತು. ಪ್ರಶ್ನೆ ಬಂದ ಮೇಲೆ ಮಾತ್ರ ಮಾಷ್ಟ್ರು ಅಡಗಿಸ್ಲಿಲ್ಲ, ಪೂರ್ತಿ ಹೇಳಿದ್ರು, ಅದಕ್ಕೆ ಮೆಚ್ಬೇಕು. ಆ ಇಬ್ಬರಲ್ಲಿ ಒಬ್ಬರು ಯೂನಿಟಿ ಡೌ. ಅವರ ಕಥೆ ಇನ್ನೂ ಹಿಂದಿನದ್ದು. ಅವರ ಗಂಡ ಅಮೆರಿಕದವರು, ಆಗಿನ ಕಾನೂನು ಪ್ರಕಾರ ವಿದೇಶಿಯನ್ನು ಮದುವೆಯಾದ ಹೆಂಗಸಿನ ಮಕ್ಕಳಿಗೆ ಪೌರತ್ವ ಇಲ್ಲ, ಗಂಡಸು ವಿದೇಶಿಯನ್ನು ಮದುವೆಯಾದ್ರೆ ತೊಂದ್ರೆ ಇಲ್ಲ. ಅವರು ಸರ್ಕಾರದ ಮೇಲೆ ಕೇಸ್ ಹಾಕಿ 1992ರಲ್ಲಿ ಅಪೀಲ್ ಕೋರ್ಟಲ್ಲಿಯೂ ಗೆದ್ರು, 1995ರಲ್ಲಿ ಕಾನೂನು ಬದಲಾಯ್ತು, ಆಮೇಲೆ ಅವರೇ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ ಆದ್ರು, ಮುಂದೆ ಮಂತ್ರಿಯೂ ಆದ್ರು. ಸರ್ಕಾರದ ವಿರುದ್ಧ ಕೇಸ್ ಗೆದ್ದವರನ್ನು ಕರೆದು ನ್ಯಾಯಾಧೀಶೆ ಮಾಡಿದ ದೇಶ ಅಂತ ಮಾಷ್ಟ್ರು ಹೇಳುವಾಗ ಆ ನರ್ಸ್ ತಿರುಗಿ, "ಹೌದು ಸಾರ್, ಆದ್ರೆ ನೀರು ನಿಲ್ಲಿಸಿದ್ದೂ ಅದೇ ದೇಶ" ಅಂದಳು. ಇಡೀ ಕೋರ್ಸಿನ ಬೆಸ್ಟ್ ಐದು ನಿಮಿಷ ಅದೇ. ಹಾಗಾಗಿ ಹೋಗುವವರು ಸ್ವಲ್ಪ ಓದಿಕೊಂಡು ಹೋಗಿ ಪ್ರಶ್ನೆ ಕೇಳಿ, ಕೇಳಿದ್ರೆ ಮಾತ್ರ ಮಾಲು ಹೊರಗೆ ಬರ್ತದೆ.

ಜಮೀನು ಮತ್ತು ವಜ್ರದ ಪಾಠ ಓಡಿಸಿಕೊಂಡು ಹೋದ್ರು, ಆದ್ರೂ ಕೆಲಸಕ್ಕೆ ಬಂತು. ಹೆಚ್ಚಿನ ಭೂಮಿ ಕುಲದ ಭೂಮಿ, ಅದನ್ನು ಹಂಚುವ ಅಧಿಕಾರ ಮೊದಲು ಖೋಸಿಗಳದ್ದಾಗಿತ್ತು, 1968ರ ಕಾಯ್ದೆ 1970ರಲ್ಲಿ ಜಾರಿಯಾಗಿ ಲ್ಯಾಂಡ್ ಬೋರ್ಡ್‌ಗಳ ಕೈಗೆ ಹೋಯ್ತು. ವಜ್ರ ಸಿಕ್ಕಿದ್ದು 1967ರಲ್ಲಿ ಒರಾಪಾದಲ್ಲಿ, ಅದು ಸೆರೆಟ್ಸೆ ಖಾಮಾ ಅವರ ಸ್ವಂತ ಕುಲದ ಸೀಮೆ. ಅದೇ ವರ್ಷದ ಕಾನೂನಿನಲ್ಲಿ ಖನಿಜ ಎಲ್ಲ ದೇಶದ್ದು, ಕುಲದ್ದಲ್ಲ ಅಂತ ಆಯ್ತು. ಅಧ್ಯಕ್ಷರೇ ತನ್ನ ಕುಲದ ಪಾಲು ಬಿಟ್ಟುಕೊಟ್ಟ ಮೇಲೆ ಬೇರೆಯವರು ಎಂತ ಹೇಳುದು? ಗಣಿ ಕಂಪೆನಿ ಡೆಬ್ಸ್ವಾನಾದಲ್ಲಿ ಸರ್ಕಾರಕ್ಕೆ ಅರ್ಧ, ವಜ್ರದ ದೊಡ್ಡ ಕಂಪೆನಿ ಡಿ ಬೀರ್ಸ್‌ಗೆ ಅರ್ಧ. ನಮ್ಮ ಬಳ್ಳಾರಿ ನೆನಪಾಗಿ ಒಮ್ಮೆ ಹೊಟ್ಟೆ ಉರೀತು.

ಇನ್ನು ಸರಿಯಿಲ್ಲದ್ದು. ನೋಟ್ಸ್! ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು, ಅದರಲ್ಲಿ ಈಗಲೂ 57 ಸೀಟು, ಅಧ್ಯಕ್ಷ ಇಯಾನ್ ಖಾಮಾ ಅಂತ ಉಂಟು. 2024ರದ್ದು ಎಲ್ಲ ಬಾಯಲ್ಲೇ ಹೇಳುದು, ನಾವೇ ಬರ್ಕೊಳ್ಬೇಕು. ಎರಡು ಸಾವಿರ ತಗೊಂಡು ನಾಲ್ಕು ಪುಟ ಹೊಸದಾಗಿ ಟೈಪ್ ಮಾಡಿಸ್ಲಿಕ್ಕೆ ಎಂತ ಕಷ್ಟ ಅಂತ ನನಗೆ ಅರ್ಥ ಆಗ್ಲಿಲ್ಲ. ವರ್ಕ್ ಪರ್ಮಿಟ್, ರೆಸಿಡೆನ್ಸ್ ಪರ್ಮಿಟ್ ವಿಷಯ ಕೊನೆಯ ದಿನ ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ರು, ಅದೂ ಅವರ ಕಾಲದ್ದು, ಈಗಿನ ಫಾರ್ಮ್ ಹೇಗೆ ಅಂತ ಅವರಿಗೂ ಅಂದಾಜಿಲ್ಲ, ಅದನ್ನು ಕಂಪೆನಿಯವರ ಹತ್ರವೇ ಕೇಳಿಕೊಳ್ಳಿ. ಮಾಳಿಗೆಯಲ್ಲಿ ಒಂದೇ ಫ್ಯಾನ್, ಏಪ್ರಿಲ್ ಮೇ ಬ್ಯಾಚ್ ಆದ್ರೆ ಬೆವರಲ್ಲಿ ಸ್ನಾನ. ಗಾಡಿ ಇಡ್ಲಿಕ್ಕೆ ಜಾಗ ಇಲ್ಲ, ಬೈಕಾದ್ರೆ ಹೇಗೂ ಆಗ್ತದೆ, ಕಾರು ತಂದವರು ಎದುರು ಮನೆಯವರ ಬೈಗುಳ ತಿಂತಾರೆ. ಮತ್ತೆ ಆಗಾಗ ಗಣಿತಕ್ಕೆ ಜಾರ್ತಾರೆ, ಸೀಟು ಲೆಕ್ಕ ಹೇಳ್ತಾ ಹೇಳ್ತಾ ಪ್ರಾಬಬಿಲಿಟಿಗೆ ಹೋಗಿ ಅರ್ಧ ಬೋರ್ಡ್ ತುಂಬಿಸಿದ್ರು, ಮಾಷ್ಟ್ರ ಹೆಂಡತಿ ಕೆಳಗಿನಿಂದ "ಚಾ ತಣಿತಾ ಉಂಟು" ಅಂತ ಕರೆದದ್ದಕ್ಕೆ ನಾವು ಬದುಕಿದ್ದು.

ಗೋಳಿಬಜೆ ಬಗ್ಗೆ ದೂರು ಇಲ್ಲ. ಒಟ್ಟಿಗೆ ಕೊಡುವ ತೆಂಗಿನಕಾಯಿ ಚಟ್ನಿಯಲ್ಲಿ ಶುಂಠಿ ಸ್ವಲ್ಪ ಮುಂದೆ, ನನಗೆ ಹಾಗೇ ಇಷ್ಟ.

ಬೇರೆ ಎಂತ ಆಪ್ಷನ್ ಉಂಟು ಅಂತ ಕೇಳಿದ್ರೆ, ಒಬ್ಬ ಏಜೆಂಟ್ ಇದಕ್ಕೆ ಡಬಲ್ ರೇಟ್ ತಗೊಂಡು ಓರಿಯೆಂಟೇಷನ್ ಅಂತ ಒಂದು ಪಿಡಿಎಫ್ ಕಳಿಸಿದ್ದ ನನ್ನ ಫ್ರೆಂಡಿಗೆ, ಅದರಲ್ಲಿ ಬೋಟ್ಸ್ವಾನಾ ಹೆಡ್ಡಿಂಗ್ ಕೆಳಗೆ ನಮೀಬಿಯಾದ ಧ್ವಜ ಇತ್ತು. ಅದಕ್ಕೆ ಹೋಲಿಸಿದ್ರೆ ಮಾಷ್ಟ್ರ ಹಳೇ ಜೆರಾಕ್ಸು ಚಿನ್ನ. ಅಕೌಂಟ್ಸ್, ನರ್ಸಿಂಗ್, ಅಂಗಡಿ, ಸ್ಕೂಲು, ಯಾವ ಕೆಲಸಕ್ಕೆ ಹೋಗುವವರಾದ್ರೂ ಅಲ್ಲಿ ಜನರ ಜೊತೆ ಬೆರೆತು ಇರುವವರಿಗೆ ಈ ಕ್ಲಾಸ್ ಬೇಕು. ಗ್ಯಾಬರೋನಲ್ಲಿ ಎಸಿ ಆಫೀಸಿಂದ ಫ್ಲ್ಯಾಟಿಗೆ, ಫ್ಲ್ಯಾಟಿಂದ ಆಫೀಸಿಗೆ ಅಂತ ಎರಡು ವರ್ಷ ಕಳೆದು ವಾಪಸ್ ಬರುವವರು ದುಡ್ಡು ಉಳಿಸಿಕೊಳ್ಳಿ. ಕೆಪಿಎಸ್‌ಸಿ, ಯುಪಿಎಸ್‌ಸಿ ಓದುವವರೂ ಇಬ್ಬರು ಬಂದಿದ್ರು, ತುಲನಾತ್ಮಕ ರಾಜಕೀಯಕ್ಕೆ ಆಗ್ತದೆ ಅಂತ, ಅವರು ಡಬ್ಬಿ ಇಲೆಕ್ಷನ್ ದಿನ ಮಾತ್ರ ಕೂತ್ರೂ ಲಾಭವೇ, ಆದ್ರೆ ಒಂದು ದಿನದ ಫೀಸ್ ಅಂತ ಇಲ್ಲ, ಕೇಳಿ ನೋಡಿದ್ದಾರೆ, ಆಗುದಿಲ್ಲ ಅಂದ್ರಂತೆ.

ಐದಕ್ಕೆ ನಾಲ್ಕು ಸ್ಟಾರ್. ಕಟ್ ಮಾಡಿದ ಒಂದು ಪೂರ್ತಿ ನೋಟ್ಸಿನದ್ದು. ಮುಂದಿನ ಬ್ಯಾಚ್ ನವರಾತ್ರಿ ಕಳೆದ ಮೇಲೆ ಅಂತೆ, ಹದಿನೈದಕ್ಕಿಂತ ಜಾಸ್ತಿ ಜನ ತಗೊಳ್ಳುದಿಲ್ಲ. ಸೇರುವವರು ಮೊದಲ ದಿನವೇ ಹೊಸ ನೋಟ್ಸ್ ಕೇಳಿ, ಟೈಪಿಂಗಿಗೆ ಕೊಟ್ಟಿದ್ದೇನೆ ಅಂತ ಮಾಷ್ಟ್ರು ನಮಗೆ ಹೇಳಿದ್ದಾರೆ.